ಆಕಾಶದೊಳಗಿನ ಜರಿ ಹೊಲಿಗೆ

ಕತ್ತಲು... ಪಕ್ಕದಲ್ಲಿ ಕೂತವಳ ಮೂಗುತಿಯೂ ಕಾಣದಷ್ಟು ಕತ್ತಲು!

ಹಿಂದೂಪುರದ ಆ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ಉರಿಬಿಸಿಲು. ಆದರೆ ಗಾಳಿ ತುಂಬಿ ನಿಲ್ಲಿಸಿದ್ದ ಕಪ್ಪು ಬಟ್ಟೆಯ ಗುಮ್ಮಟದೊಳಗೆ ಮಾತ್ರ ನಕ್ಷತ್ರಗಳ ಜಾತ್ರೆ. ಹುಡುಗಿಯರೆಲ್ಲ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರು.

ನಡುವಿನಿಂದ ಒಂದು ಗಂಡು ದನಿ ಬಂತು.

"ಇದು ಮಂಗಳ ಗ್ರಹ ಮಕ್ಳಾ. ಈಗ ಬರೀ ಕೆಂಪು ಧೂಳು. ಆದ್ರೆ ಒಂದು ಕಾಲದಲ್ಲಿ ಇಲ್ಲಿ ನೀರು ಹರೀತಿತ್ತು!"

"ನಮ್ಮ ಬೀದಿ ನಲ್ಲೀಲೂ ಒಂದು ಕಾಲದಲ್ಲಿ ನೀರು ಹರೀತಿತ್ತು ಸಾರ್!"

ಮೂಲೆಯಿಂದ ಬಂದ ಆ ಹೆಣ್ಣುದನಿಗೆ ಇಡೀ ಗುಮ್ಮಟ ಗೊಳ್ಳೆಂದಿತು.

ಗಂಡು ದನಿ ತಡವರಿಸಿತು. "ಯಾ... ಯಾರದು?"

ನಗು ಮಾತ್ರ ಕತ್ತಲಲ್ಲಿ ಉರುಳಾಡಿತು.

ಪ್ರದರ್ಶನ ಮುಗಿಸಿ ಹೊರಗೆ ಬಂದವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದ. ಎದುರಿಗೆ ಸೈಕಲ್ ಹಿಡಿದು ನಿಂತಿದ್ದಳು ಒಬ್ಬಳು. ಸೊಂಟಕ್ಕೆ ಸಿಕ್ಕಿಸಿದ ದಾವಣಿಯಂಥ ವೇಲು, ಕಣ್ಣಲ್ಲಿ ಕಿಡಿ!

"ನಾನೇ ಕೇಳಿದ್ದು. ಹರಿತಾ ಅಂತ. ತಪ್ಪಾ?"

ಹರಿತಾ ನೇಕಾರ ಶ್ರೀರಾಮುಲು ಮಗಳು. ಅವರ ಬೀದಿಯ ಓದುಕೂಟ ನಡೆಸುವವಳೂ ಅವಳೇ. ಮಗ್ಗಗಳ ಸದ್ದಿಗಿಂತ ಮೇಲೆ ಕೇಳುವ ಹಾಗೆ ಪತ್ರಿಕೆ, ಪುಸ್ತಕ ಓದಿ ಹೇಳಬೇಕು. ಅದಕ್ಕೇ ಆ ದನಿ ಅಷ್ಟು ಗಟ್ಟಿ. ನಲ್ಲಿ ನೀರಿಗಾಗಿ ಖಾಲಿ ಬಿಂದಿಗೆ ಹಿಡಿದು ಪುರಸಭೆ ಆಫೀಸಿನ ಮುಂದೆ ಕೂರುವುದರಲ್ಲೂ ಅವಳೇ ಮುಂದು. ವಾರಕ್ಕೊಮ್ಮೆ ಈ ಶಾಲೆಗೂ ಬಂದು ಹುಡುಗಿಯರಿಗೆ ಓದಿಸುತ್ತಿದ್ದಳು.

"ತಪ್ಪೇನಿಲ್ಲ ಕಣ್ರೀ..." ಅವನು ನಕ್ಕ. "ನಾನು ಆಂಜನೇಯ. ಕಲ್ಯಾಣದುರ್ಗದ ಕಡೆಯೋನು. ಈ ಡೂಮ್ ತಗೊಂಡು ಶಾಲೆ ಶಾಲೆಗೂ ಹೋಯ್ತೀನಿ."

"ಹೆಸರಿಗೆ ತಕ್ಕಂಗೆ ಆಕಾಶಕ್ಕೆ ನೆಗೆಯೋ ಕೆಲಸಾನೇ ಹಿಡಿದಿದ್ದೀರ!"

ಹುಡುಗಿಯರು ಕಿಸಕ್ಕೆಂದರು. ಹರಿತಾ ನಗಲಿಲ್ಲ.

"ನಮಗಿರೋದು ಒಂದೇ ಭೂಮಿ. ಕೆರೆ ಮುಚ್ಚಿ ಸೈಟ್ ಮಾಡಿದ್ರು, ಗುಡ್ಡ ಕಡಿದು ಜಲ್ಲಿ ಮಾಡಿದ್ರು. ಇದನ್ನ ನೋಡ್ಕೊಳ್ಳಕ್ಕಾಗದೋರು ಅಲ್ಲಿಗ್ಯಾಕೆ ರಾಕೆಟ್ ಬಿಡ್ಬೇಕು? ಇದು ಹಾಳಾದ್ರೆ ಅಲ್ಲಿಗೆ ಓಡೋಗಕ್ಕಾ? ಯಾರು ಓಡೋದು? ನಮ್ಮಪ್ಪನಿಗೆ ಸೀಟ್ ಕೊಡ್ತಾರಾ ರಾಕೆಟ್ಟಲ್ಲಿ?"

"ಹಂಗಲ್ಲ... ಉಪಗ್ರಹ ಇರೋದ್ರಿಂದ ಚಂಡಮಾರುತ ಮೊದಲೇ ಗೊತ್ತಾಗುತ್ತೆ, ಫೋನು..."

"ಅದು ಪುಸ್ತಕದ ಉತ್ತರ. ನಾನೂ ಓದಿದೀನಿ. ನಿಮ್ಮ ಉತ್ತರ ಹೇಳಿ."

ಅವನು ಮೆಲ್ಲಗೆ ಅಂದ, "ನನ್ನ ಹತ್ರ ಇಲ್ಲ ಕಣ್ರೀ."

ಹರಿತಾ ತಬ್ಬಿಬ್ಬಾದಳು! ಮೇಜಿನ ಹಿಂದೆ ಕೂತವರ ಹತ್ತಿರ ಎಷ್ಟು ಪ್ರಶ್ನೆ ಕೇಳಿದ್ದಳು... ಒಬ್ಬನಾದರೂ 'ನನಗೆ ಗೊತ್ತಿಲ್ಲ' ಅಂದಿದ್ದನಾ? ಎಲ್ಲರೂ ಎಲ್ಲವನ್ನೂ ಬಲ್ಲವರೇ. ನಲ್ಲಿಯಲ್ಲಿ ಮಾತ್ರ ನೀರಿಲ್ಲ!

ಆ ತಬ್ಬಿಬ್ಬು ಮುಚ್ಚಿಕೊಳ್ಳಲು ಸರಕ್ಕನೆ ಸೈಕಲ್ ತಿರುಗಿಸಿದಳು. ಗಾಳಿ ಇಳಿದು ನೆಲಕ್ಕೆ ಹರಡಿದ್ದ ಗುಮ್ಮಟದ ಅಂಚು ಚಕ್ರದ ಕೆಳಗಿತ್ತು. ಸೈಕಲ್ ಸ್ಟ್ಯಾಂಡು ಬಟ್ಟೆಗೆ ಕಚ್ಚಿಕೊಂಡಿತು.

ಪರ್ರ್‌ರ್...!

ಒಂದು ಮಾರುದ್ದ ಆಕಾಶ ಹರಿದುಹೋಯಿತು.

"ಅಯ್ಯಯ್ಯೋ!" ಅವಳ ಕೋಪವೆಲ್ಲ ಸೋರಿಹೋಯಿತು.

"ನಾಳೆ ನಮ್ಮೂರ ಶಾಲೇಲಿ ಶೋ ಇದೆ..." ಆಂಜನೇಯ ಹರಿದ ಬಟ್ಟೆ ಎತ್ತಿ ಹಿಡಿದು ಪೆಚ್ಚಾಗಿ ನಿಂತ. "ನಮ್ಮೂರಲ್ಲಿ ಇದೇ ಮೊದಲ್ನೇದು."

"ನಡೀರಿ ನಮ್ಮನೆಗೆ. ನೇಕಾರರ ಮನೇಲಿ ಹರಿದಿದ್ದು ಹರಿದಂಗೇ ಆಚೆ ಹೋಗಲ್ಲ!"

*

ಮಗ್ಗದ ಮನೆಯ ತುಂಬ ಗುಮ್ಮಟದ ಬಟ್ಟೆ ಹರಡಿತು. ಅಡುಗೆ ಮನೆಯಿಂದ ಹರಿತಾಳ ತಾಯಿ ಬನಶಂಕರಮ್ಮ ಇಣುಕಿದಳು.

"ಏನಮ್ಮಾ ಇದು? ಯಾರ ಮದುವೆ ಶಾಮಿಯಾನ ಹರ್ಕೊಂಡು ಬಂದ್ಬುಟ್ಟೆ?"

"ಶಾಮಿಯಾನ ಅಲ್ಲಮ್ಮ. ಆಕಾಶ."

"ಆಕಾಶಾನೇ ಹರಿದ್ಯಾ? ಅದೊಂದು ಬಾಕಿ ಇತ್ತು ನಿಂದು!"

ಆಂಜನೇಯ ನಗು ತಡೆಯಲಾರದೆ ಮಗ್ಗದ ಕಡೆ ತಿರುಗಿದ. ಶ್ರೀರಾಮುಲು ರೇಷ್ಮೆ ಸೀರೆ ನೇಯುತ್ತಿದ್ದರು. ಆದರೆ ಇದೇನು... ಬರೀ ಗಂಟು, ಜೋತಾಡುವ ಎಳೆ, ಕಲಸಿಹೋದ ಬಣ್ಣ! ಅವನ ಮುಖ ನೋಡಿ ಹರಿತಾಗೆ ನಗು ಬಂತು.

"ಅದು ಹಿಂಬದಿ ಕಣ್ರೀ. ನಮ್ಮ ಮಗ್ಗದಲ್ಲಿ ನೇಯೋರ ಕಡೆಗೆ ಯಾವಾಗ್ಲೂ ಹಿಂಬದೀನೇ. ಅಂದ ಎಲ್ಲಾ ಕೆಳಗಡೆ."

"ಮತ್ತೆ ನಿಮಗೆ ಹೆಂಗೆ ಗೊತ್ತಾಗುತ್ತೆ?"

ಶ್ರೀರಾಮುಲು ಮಾತಾಡದೆ ಪಕ್ಕದಲ್ಲಿದ್ದ ಪುಟ್ಟ ಕನ್ನಡಿಯನ್ನು ಕೊಟ್ಟರು. ಆಂಜನೇಯ ಬಗ್ಗಿ ಅದನ್ನು ಸೀರೆಯ ಕೆಳಗೆ ಹಿಡಿದ.

ಕನ್ನಡಿಯಲ್ಲಿ... ಸಾಲು ಸಾಲು ಚಿನ್ನದ ಹಂಸಗಳು!

"ಹಿಂಗಿತ್ತಾ ಇದು!" ಅಂದ ಅವನು, ಕಣ್ಣು ಕೀಳದೆ. ಕನ್ನಡಿ ಸ್ವಲ್ಪ ವಾಲಿತು. ಹಂಸಗಳು ಸರಿದು, ಬಾಯಲ್ಲಿ ದಾರ ಕಚ್ಚಿಕೊಂಡು ಸೂಜಿ ಪೋಣಿಸುತ್ತಿದ್ದ ಹರಿತಾಳ ಮುಖ ಬಂತು.

ಅವಳು ತಲೆ ಎತ್ತಿದಳು. ಕನ್ನಡಿಯಲ್ಲೇ ಕಣ್ಣು ಕಣ್ಣು ಕೂಡಿದವು...

"ಸೀರೆ ನೋಡೋದು ಮುಗೀತಾ?" ಅಂದಳು. ಕೆನ್ನೆ ಮಾತ್ರ ಬಿಸಿಯಾಗಿತ್ತು.

"ಇಲ್ಲ," ಅಂದ ಅವನು, ಕನ್ನಡಿ ತಿರುಗಿಸದೆ.

ಹರಿತಾ ರೇಷ್ಮೆ ಹುರಿಯ ಮೇಲೆ ಸುತ್ತಿದ ಜರಿ ಎಳೆಯಿಂದ ಹೊಲಿದಳು. ಜಗ್ಗಿದರೂ ಹರಿಯದ ದಾರ. ಸಂಜೆಯ ಹೊತ್ತಿಗೆ ಗೂಡ್ಸ್ ಆಟೋಗೆ ಗುಮ್ಮಟ ಏರಿತು.

"ಹೋಯ್ತೀನಮ್ಮ," ಅಂದ ಆಂಜನೇಯ.

"ಹೋಯ್ತೀನಿ ಅನ್ಬಾರ್ದು ಕಣಪ್ಪ, ಬತ್ತೀನಿ ಅನ್ಬೇಕು," ಬನಶಂಕರಮ್ಮ ಗದರಿದಳು.

ಅವನು ಹರಿತಾಳ ಕಡೆ ನೋಡಿದ. "ಬತ್ತೀನಿ."

*

ಹೊಲಿಗೆ ನಿಂತಿತಾ ಹೇಳಿ ಅಂತ ಕೊಟ್ಟಿದ್ದ ನಂಬರಿಗೆ ಮಾರನೆಯ ದಿನ ಅವನ ಮೆಸೇಜು ಬಂತು. ಹರಿತಾ ಓಡಿಬಂದು ನೋಡಿದಳು.

'ನಿಮ್ಮ ಹೊಲಿಗೆ ಒಳಗಡೆ ಹೊಳೀತಿದೆ. ಮಕ್ಕಳು ಅದ್ಯಾವ ನಕ್ಷತ್ರ ಅಂತಾರೆ. ಏನ್ ಹೇಳ್ಲಿ?'

ಅಯ್ಯೋ... ಏನು ಮಾಡಿಬಿಟ್ಟೆ!

ಹುಟ್ಟಿದಾಗಿನಿಂದ ಮಗ್ಗ ನೋಡಿದ ಕಣ್ಣು ಅದು. ತನ್ನೆದುರಿಗಿರುವುದೇ ಹಿಂಬದಿ ಅಂತ ಕೈ ತಾನೇ ತೀರ್ಮಾನ ಮಾಡಿತ್ತು. ಗಂಟು, ತುದಿ, ಮಿಂಚುವ ಎಳೆ, ಎಲ್ಲವನ್ನೂ ಎದುರಿನ ಮಗ್ಗುಲಿಗೇ ಬಿಟ್ಟು ಹೊಲಿದಿದ್ದಳು. ಆ ಮಗ್ಗುಲೇ ಗುಮ್ಮಟದ ಒಳಮೈ, ಆಕಾಶ! ಬೇರೆ ಯಾರಾದರೂ ಹೊಲಿದಿದ್ದರೆ ಈ ತಪ್ಪೇ ಆಗುತ್ತಿರಲಿಲ್ಲ. ನೇಕಾರರ ಮಗಳಿಗೇ ಆಗಬೇಕಿತ್ತು.

ನಾಚಿಕೆಯಲ್ಲಿ ಒರಟಾಗಿ ಬರೆದಳು. 'ಬಿಚ್ಚಿ ಬಿಸಾಕಿ. ಬೇರೆ ಯಾರ ಹತ್ರಾನಾದ್ರೂ ಹೊಲಿಸ್ಕೊಳ್ಳಿ.'

ಉತ್ತರ ಬರಲಿಲ್ಲ. ಆ ದಿನವೂ ಇಲ್ಲ, ಆ ವಾರವೂ ಇಲ್ಲ.

ಆಮೇಲೆ ಶಾಲೆಯ ಟೀಚರ್ ರೇವತಿ ಇನ್ನೊಂದು ಸುದ್ದಿ ಹೇಳಿದರು. "ಇನ್ನೊಂದ್ಸಲ ಬನ್ನಿ ಅಂತ ಕರೆದೆ ಕಣಮ್ಮ. ಹಿಂದೂಪುರಕ್ಕೆ ಈಗ ಬರಲ್ಲ ಅಂದ್ಬುಟ್ಟ."

ಬರಲ್ಲ...! ಬತ್ತೀನಿ ಅಂದವನು!

ಹರಿತಾ ಯಾರೆದುರೂ ಅಳುವವಳಲ್ಲ. ಆ ದಿನ ಓದುಕೂಟದಲ್ಲಿ ಮಾತ್ರ ಓದುತ್ತಿದ್ದ ಪುಟ ಮಂಜಾಯಿತು. ಮಗ್ಗಗಳು ಒಂದೊಂದಾಗಿ ನಿಂತವು. "ಯಾಕಮ್ಮಾ, ಗಂಟಲು ಕಟ್ಟಿತಾ?" ಅಂದರು ಯಾರೋ.

"ಧೂಳು," ಅಂದಳು.

ಮಗ್ಗದಿಂದ ಶ್ರೀರಾಮುಲು ತಲೆ ಎತ್ತದೆ ಅಂದರು, "ತಪ್ಪಿದ ಹೊಲಿಗೆ ಮನೇಲಿ ಕೂತು ಅತ್ರೆ ಸರಿ ಹೋಗಲ್ಲ ತಾಯಿ. ಸೂಜಿ ತಗೊಂಡು ಹೋಗು."

*

ಬಸ್ಸು ರೊದ್ದಂ ದಾಟಿತು. ಅವನ ಊರಿನ ಶಾಲೆಯಲ್ಲಿ ಇವತ್ತು ಮತ್ತೆ ಶೋ ಅಂತ ರೇವತಿ ಟೀಚರ್ ಹೇಳಿದ್ದರು. ಕಡಲೆಕಾಯಿ ಹೊಲ, ಬಂಡೆಗುಡ್ಡ, ಮತ್ತೆ ಕಡಲೆಕಾಯಿ ಹೊಲ... ಹರಿತಾಳ ಚೀಲದಲ್ಲಿ ಸೂಜಿ, ಕತ್ತರಿ, ಗುಮ್ಮಟದ ಬಿಳಿ ಒಳಮೈಗೆ ಹೊಂದುವ ದಾರ. ಬಿಚ್ಚೋದು, ಸರಿಯಾಗಿ ಹೊಲಿಯೋದು, ತಿರುಗಿ ನೋಡದೆ ಬರೋದು. ಅಷ್ಟೇ! ದಾರಿಯುದ್ದಕ್ಕೂ ಇದನ್ನೇ ಜಪಿಸಿದಳು.

ಕಲ್ಯಾಣದುರ್ಗದಲ್ಲಿ ಇಳಿದು, ಶೇರ್ ಆಟೋ ಹತ್ತಿ ಅವನ ಊರಿನ ಶಾಲೆ ತಲುಪಿದಾಗ ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಅಂಗಳದಲ್ಲಿ ಕಪ್ಪು ಗುಮ್ಮಟ ಉಬ್ಬಿ ನಿಂತಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಮಕ್ಕಳ ಚಪ್ಪಲಿ ಕಾಯುತ್ತ ಕೂತಿದ್ದಳು.

"ಯಾರವ್ವಾ? ಶೋ ಶುರುವಾಗ್ಬುಟ್ಟದೆ. ನಮ್ಮ ಹುಡುಗಂದೇ. ನಾನು ಉಡುಸಲಮ್ಮ, ಅವನ ತಾಯಿ."

"ನಾನು... ಹಿಂದೂಪುರದಿಂದ..."

ಉಡುಸಲಮ್ಮನ ಕಣ್ಣು ಅಗಲವಾಯಿತು. "ನಲ್ಲಿ ನೀರಿನ ಹುಡುಗೀನಾ?! ಓ... ಹೋಗವ್ವಾ ಒಳಕ್ಕೆ, ಹೋಗು!" ಎನ್ನುತ್ತ ಅವಳನ್ನು ತಳ್ಳಿಯೇಬಿಟ್ಟಳು.

ಕತ್ತಲು! ಅದೇ ಕತ್ತಲು. ಹರಿತಾ ಮಕ್ಕಳ ನಡುವೆ ತಡಕಾಡಿ ಕೂತಳು. ತಲೆಯೆತ್ತಿದಳು.

ನಕ್ಷತ್ರಗಳ ಕೆಳಗೆ, ನೆಲ ಮುಟ್ಟುವ ಅಂಚಿನಲ್ಲಿ, ಹೊಂಬಣ್ಣದ ಒಂದು ಗೀರು. ತನ್ನ ಹೊಲಿಗೆ! ಬೆಳಕು ತಿರುಗಿದಾಗಲೆಲ್ಲ ಗಂಟುಗಳು ಮಿಣಮಿಣ ಅನ್ನುತ್ತಿದ್ದವು.

ಬಿಚ್ಚಿಯೇ ಇಲ್ಲ...

"ಅದೇಂ ನಕ್ಷತ್ರಂ ಸಾರ್?" ತೆಲುಗಿನಲ್ಲಿ ಕೇಳಿತು ಒಂದು ಮಗು.

"ಅದು ನಕ್ಷತ್ರ ಅಲ್ಲ ಕಣ್ರೋ," ಆಂಜನೇಯನ ದನಿ. "ಅದು ಭೂಮಿ."

ಹರಿತಾ ಮೊಣಕಾಲೂರಿ ಮುಂದಕ್ಕೆ ಬಾಗಿದಳು.

"ಹಿಂದೂಪುರದಲ್ಲಿ ಒಂದು ಮಗ್ಗದ ಮನೆ ಐತೆ. ಅಲ್ಲಿ ಸೀರೆ ನೇಯೋರಿಗೆ ಕಾಣೋದು ಬರೀ ಹಿಂಬದಿ. ಗಂಟು, ಎಳೆ, ಗಜಿಬಿಜಿ. ಕೆಳಗೆ ಒಂದು ಕನ್ನಡಿ ಹಿಡಿದ್ರೆ ಮಾತ್ರ ಅಂದ ಕಾಣುತ್ತೆ. ನಾವೂ ಭೂಮಿ ಮೇಲೆ ಹಂಗೇ ಕೂತಿದೀವಿ. ನಮ್ಮ ಬೀದಿ, ನಮ್ಮ ಜಗಳ, ನಮ್ಮ ಧೂಳು ಅಷ್ಟೇ ಕಾಣೋದು. ಚಂದ್ರನ ಹತ್ರ ಹೋದೋರು ತಿರುಗಿ ನೋಡಿದ್ರು. ಅಷ್ಟು ದೊಡ್ಡ ಕತ್ತಲಲ್ಲಿ ನೀಲಿಯಾಗಿ ಒಂದೇ ಒಂದು ಮನೆ! ನೋಡಿದೋರ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಹೋಗೋದು ಓಡೋಗಕ್ಕಲ್ಲ ಮಕ್ಳಾ. ಕನ್ನಡಿ ಹಿಡಿಯಕ್ಕೆ."

ಹರಿತಾಳ ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಅವಳು ಹರಿತಾ! ಕೇಳದೆ ಹೇಗೆ ಬಿಟ್ಟಾಳು?

"ಕನ್ನಡಿ ನೋಡಿದ್ರೆ ಸಾಕಾ ಸಾರ್? ತಪ್ಪಿದ ಎಳೆ ಕಂಡ್ರೆ ಬಿಚ್ಚಿ ನೇಯೋರು ಯಾರು?"

ಕತ್ತಲಲ್ಲಿ ಏನೋ ಬಿದ್ದ ಸದ್ದು. ಅವನ ಕೈಯ ಟಾರ್ಚು!

ಅದನ್ನು ನೆಲದಲ್ಲಿ ತಡಕಾಡುತ್ತಲೇ ಅವನು ಅಂದ.

"ಸರಿಯಾದ ಪ್ರಶ್ನೆ. ಕನ್ನಡಿ ಹಿಡಿಯೋನು ಒಬ್ನೇ ಇದ್ರೆ ಏನೂ ಆಗಲ್ಲ. ಮಗ್ಗದಲ್ಲಿ ಕೂತು ನೇಯೋರೂ ಬೇಕು, ಜಗಳ ಆಡೋರೂ ಬೇಕು. ನಾನು... ನಾನು ಅವರನ್ನೇ ಕಾಯ್ತಿದೀನಿ."

"ಯಾರ್ನ ಸಾರ್? ಯಾರ್ನ?" ಮಕ್ಕಳು ಕೂಗಿದವು.

ಹೊರಗಿನಿಂದ ಉಡುಸಲಮ್ಮ ಇಣುಕಿದಳು. "ಏಯ್, ಶೋ ಮುಗೀತು! ಆಚೆ ಬರ್ರೋ ಎಲ್ಲಾ! ಚಪ್ಪಲಿ ತಗೊಳ್ಳಿ!"

*

ಬೇವಿನ ಮರದ ನೆರಳಲ್ಲಿ ಇಬ್ಬರೂ ನಿಂತಿದ್ದರು.

"ಹಿಂದೂಪುರಕ್ಕೆ ಬರಲ್ಲ ಅಂದ್ರಂತೆ," ಹರಿತಾ ಅಂದಳು.

"ಅಷ್ಟೇ ಹೇಳಿದ್ರಾ ಟೀಚರ್? 'ಹರಿತಾ ಕೇಳಿದ್ದಕ್ಕೆ ಉತ್ತರ ಸಿಗೋತನಕ ಬರಲ್ಲ' ಅಂದಿದ್ದೆ ನಾನು. ಖಾಲಿ ಕೈಲಿ ಬಂದ್ರೆ ಬೈತೀರ ಅಂತ ಭಯ!"

"ಮತ್ತೆ ಮೆಸೇಜಿಗೆ ಉತ್ತರ?"

"ಬಿಚ್ಚಿ ಬಿಸಾಕಿ ಅಂದ್ರಲ್ಲ... ಏನಂತ ಬರೀಲಿ? ಎಷ್ಟೋ ಸಲ ಬರೆದೆ, ಅಳಿಸಿದೆ. ಬಿಚ್ಚಕ್ಕೆ ಮನಸ್ಸು ಬರ್ಲಿಲ್ಲ ಅಂತ ಹೇಳಕ್ಕೂ ಧೈರ್ಯ ಬರ್ಲಿಲ್ಲ."

ಹರಿತಾ ಚೀಲದಿಂದ ಕತ್ತರಿ ತೆಗೆದಳು. "ಅದನ್ನ ಬಿಚ್ಚಕ್ಕೇ ಬಂದೆ ನಾನು."

"ಬಿಚ್ಚಿದ್ರೆ ನನ್ನ ಭೂಮಿ ಹೋಗುತ್ತೆ ಕಣ್ರೀ!"

ಅವನು ಗಾಬರಿಯಲ್ಲಿ ಅಂದ ರೀತಿಗೆ ಅವಳು ನಕ್ಕುಬಿಟ್ಟಳು. ನಗುತ್ತಲೇ ಕೆನ್ನೆ ಒರೆಸಿಕೊಂಡಳು. ಕತ್ತರಿ ಮತ್ತೆ ಚೀಲ ಸೇರಿತು.

"ಹರಿತಾ... ನಾನು ನಿಮ್ಮನ್ನ..."

"ಗೊತ್ತು. ಕತ್ತಲಲ್ಲಿ ಅಷ್ಟು ಜನ ಮಕ್ಕಳ ಮುಂದೆ ಹೇಳಿ ಆಯ್ತಲ್ಲ."

"ಉತ್ತರ?"

"ನಾನೇನು ಪುಸ್ತಕದ ಉತ್ತರ ಕೊಡಲ್ಲ." ಅವಳು ಅವನ ಧೂಳು ಮೆತ್ತಿದ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. "ಇದು ನನ್ನ ಉತ್ತರ."

ಅವನ ಬೆರಳುಗಳು ಮೆಲ್ಲಗೆ ಬಿಗಿಯಾದವು. ಶಾಲೆಯ ಜಗುಲಿಯಲ್ಲಿ ಉಡುಸಲಮ್ಮ ಬೇಕಂತಲೇ ಆ ಕಡೆ ತಿರುಗಿ ಮಕ್ಕಳಿಗೆ ಚಪ್ಪಲಿ ಜೋಡಿಸುತ್ತಿದ್ದಳು.

"ನಲ್ಲೀಲಿ ನೀರು ಬಂತಾ?" ಕೇಳಿದ ಆಂಜನೇಯ.

"ಎಲ್ಲಿ ಬಂತು! ಸೋಮವಾರ ಮತ್ತೆ ಆಫೀಸಿನ ಮುಂದೆ ಕೂತ್ಕೊಳ್ತಿದೀವಿ, ಬೀದಿ ಪೂರಾ. ಬಿಂದಿಗೆ ತುಂಬೋತನಕ ಏಳಲ್ಲ."

"ನಾನೂ ಬತ್ತೀನಿ. ಏನು ತರ್ಲಿ?"

ಹರಿತಾ ಅಂಗಳದಲ್ಲಿ ಉಬ್ಬಿ ನಿಂತಿದ್ದ ಗುಮ್ಮಟದ ಕಡೆ ನೋಡಿದಳು. ಕಣ್ಣಲ್ಲಿ ಅದೇ ಹಳೆಯ ಕಿಡಿ, ತುಟಿಯಲ್ಲಿ ಹೊಸದೊಂದು ನಗು.

"ಆಕಾಶ ತಗೊಂಡು ಬಾ. ಅಲ್ಲಿ ಬಿಸಿಲು ಜಾಸ್ತಿ, ಎಲ್ಲರಿಗೂ ನೆರಳಾಗುತ್ತೆ."