ಹಾರ್ನ್ ಕೂಗಿದ ಸಂಜೆ

ಬೈಸಿಕೊಳ್ಳಲು ತಯಾರಾಗಿಯೇ ಲಕ್ಷ್ಮೀಪತಿ ಅಜ್ಜಂಪುರಕ್ಕೆ ಹೋಗಿದ್ದ. ಮೈಕ್‌ಸೆಟ್ಟಿನ ಈರಭದ್ರಪ್ಪನವರು ನೋಡಿದರೆ ಬಾಗಿಲಿಗೇ ಬಂದು ಒಳಗೆ ಕರೆದು, ಚಾಪೆ ಹಾಸಿ, ಕಾಫಿ ಕೊಟ್ಟರು. ಅವರ ಮಗಳು ಮಲ್ಲಿಕಾಂಬ ಮಾತ್ರ ಅಡುಗೆಮನೆಯಿಂದ ಆಚೆ ಬರಲಿಲ್ಲ. ಅವಳ ಬಳೆ ಸದ್ದು ಕೇಳಿಸುತ್ತಿತ್ತು, ಅಷ್ಟೆ.

"ತಪ್ಪು ನಮ್ದೇ ಸ್ವಾಮಿ," ಎಂದರು ಈರಭದ್ರಪ್ಪ. "ಮಗಳೇ ಒಪ್ಕೊಂಡ್ಲು. ವಾಲ್ಯೂಮ್ ಮೇಲೆ ಕೈ ತಪ್ತಂತೆ. ನಿಮ್ ಪ್ರೋಗ್ರಾಂ ಹಾಳಾಯ್ತು."

ಲಕ್ಷ್ಮೀಪತಿ ಲೋಟ ಹಿಡಿದುಕೊಂಡೇ ಅಡುಗೆಮನೆಯ ಕಡೆ ನೋಡಿದ. ಅವಳ ಕೈ ತಪ್ಪಿರಲಿಲ್ಲ. ಅದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಎಂಬತ್ತಮೂರನೇ ಇಸವಿಯ ಮಾತು. ತರೀಕೆರೆಯ ಲಕ್ಷ್ಮೀಪತಿ ಗಿಟಾರ್ ಹಿಡಿದು, ಗೆಳೆಯ ರಾಮಸ್ವಾಮಿ ಡ್ರಮ್ ಹಿಡಿದು ಒಂದು ಬ್ಯಾಂಡ್ ಕಟ್ಟಿದ್ದರು. ಹೆಸರು 'ಮೀಟರ್ ಗೇಜ್'. ಸಿನಿಮಾ ಹಾಡು ಮುಟ್ಟುವುದಿಲ್ಲ, ಬಾರಿಸಿದರೆ ನಮ್ಮದನ್ನೇ ಬಾರಿಸುತ್ತೇವೆ ಎಂಬ ಹಟ. ಕೇಳಿದವರು ತಲೆ ಮೇಲೆ ಕೈ ಹೊತ್ತರೂ ಇವರು ಹಟ ಬಿಡಲಿಲ್ಲ. ಗಿಟಾರಿಗೆ ಜೋರು ದನಿ ಬೇಕಲ್ಲ, ಅದಕ್ಕೆ ಈರಭದ್ರಪ್ಪನವರ ಗೋಡೌನಿನಲ್ಲೇ ಅವರ ಪ್ರಾಕ್ಟೀಸ್. ಅಪ್ಪನಿಗೆ ಮಂಡಿನೋವು ಬಂದ ಮೇಲೆ ಸೆಟ್ ನೋಡಿಕೊಳ್ಳುತ್ತಿದ್ದವಳು ಮಲ್ಲಿಕಾಂಬ.

ಒಂದು ದಿನ ಲಕ್ಷ್ಮೀಪತಿ ಸೆಟ್ಟಿಗೆ ವೈರ್ ಸೇರಿಸಿದ್ದ ಗಿಟಾರ್ ಹಿಡಿದುಕೊಂಡೇ ಸ್ಪೀಕರ್ ಹಾರ್ನಿನ ಮುಂದೆ ಹಾದ. ಹಾರ್ನ್ ಕುಂಯ್ ಎಂದು ಕೂಗಿತು. ಮೈಕ್‌ಸೆಟ್ಟಿನವರಿಗೆ ಅದು ಮಾನ ಹೋಗುವ ಸದ್ದು. ಮಲ್ಲಿಕಾಂಬ ಹಾರಿಬಂದು ವಾಲ್ಯೂಮ್ ತಿರುಗಿಸಿದಳು. ಪೂರ್ತಿ ನಿಲ್ಲಿಸುವ ಮೊದಲೇ ಅವನು ಬೇಡಬೇಡವೆಂದು ಕೈಯೆತ್ತಿದ. ಆ ಕೂಗು ಸಣ್ಣದಾಗಿ, ಒಂದೇ ಸ್ವರವಾಗಿ ನಿಂತಿತ್ತು. ಅವನು ಹೆಜ್ಜೆ ಹಿಂದಿಟ್ಟರೆ ಸ್ವರ ಬಾಗುತ್ತಿತ್ತು.

ಇದನ್ನು ಹೀಗೇ ಹಿಡಿದಿಡಲು ಆಗುತ್ತದಾ ಎಂದು ಕೇಳಿದ.

"ನೀವು ನೆಟ್ಟಗೆ ನಿಂತ್ರೆ ಹಿಡೀಬೋದು," ಎಂದಳು ಮಲ್ಲಿಕಾಂಬ. "ಹಿಂಗೆ ಕುಣೀತಿದ್ರೆ ಏನನ್ನ ಹಿಡೀಲಿ?"

ಅಲ್ಲಿಂದ ಅವರ ಹೊಸ ಹಾಡು ಹುಟ್ಟಿತು. ಅವನ ಹೆಜ್ಜೆ, ಅವಳ ಬೆರಳು ಒಟ್ಟಿಗೇ ಸರಿಯಬೇಕು. ಅದಕ್ಕೆ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಲೇಬೇಕು. ಅವನು ಅವಸರ ಮಾಡಿದರೆ ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. ಮುಂದೆ ಬರಲಿ ಎನ್ನುವುದಕ್ಕೆ ಗದ್ದವನ್ನು ತುಸು ಎತ್ತುತ್ತಿದ್ದಳು. ನಗು ಬಂದರೆ ತುಟಿಯ ಒಂದು ಕೊನೆಯನ್ನು ಕಚ್ಚಿಕೊಳ್ಳುತ್ತಿದ್ದಳು, ಆಗ ಅವನಿಗೆ ಹೆಜ್ಜೆಯೇ ಮರೆತುಹೋಗುತ್ತಿತ್ತು. ಇದೆಲ್ಲ ಹಾಡಿಗೋಸ್ಕರ ಎಂದು ಇಬ್ಬರೂ ನಂಬಿದ್ದರು. ರಾಮಸ್ವಾಮಿ ಮಾತ್ರ ನಂಬಿರಲಿಲ್ಲ.

ಅಜ್ಜಂಪುರದ ಗಣಪತಿ ಹಬ್ಬದ ಪೆಂಡಾಲಿನಲ್ಲಿ ಆ ಹಾಡು ಶುರುವಾಯಿತು. ಹಾರ್ನ್ ಕೂಗಿದ್ದೇ ತಡ, ಜನ ಕಿವಿ ಮುಚ್ಚಿಕೊಂಡರು. ಸಿಳ್ಳೆ ಬಿತ್ತು. "ಲೇ, ಮೈಕ್ ಸರಿ ಮಾಡ್ರೋ" ಎಂದು ಒಬ್ಬ ಕೂಗಿದ. ಹೆಣ್ಣುಮಗಳ ಕೈಗೆ ಸೆಟ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ಇನ್ನೊಬ್ಬ ನಕ್ಕ. ಮಲ್ಲಿಕಾಂಬ ಬೆರಳು ಅಲುಗಿಸಲಿಲ್ಲ. ಗೋಡೌನಿನಲ್ಲಿ ನೋಡುತ್ತಿದ್ದ ಹಾಗೇ ಅವನನ್ನು ನೋಡುತ್ತಿದ್ದಳು. ಮುಖ ತಿರುಗಿಸಿದವನು ಅವನು.

"ಕ್ಷಮಿಸಿ, ಮೈಕ್‌ಸೆಟ್ ಸರಿಯಿಲ್ಲ," ಎಂದುಬಿಟ್ಟ.

ಎಂದೂ ಮುಟ್ಟುವುದಿಲ್ಲವೆಂದಿದ್ದ ಸಿನಿಮಾ ಹಾಡನ್ನು ಬಾರಿಸಿದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವನಿಗೆ ಹಿತವಾಯಿತು ಕೂಡ, ಅದನ್ನು ನೆನೆದರೇ ಈಗ ಮೈ ಹಿಡಿಯಾಗುತ್ತದೆ. ಕೊನೆಯ ತನಕ ಒಂದು ಅಪಸ್ವರವೂ ಬರದ ಹಾಗೆ ಮಲ್ಲಿಕಾಂಬ ಸೆಟ್ ನೋಡಿಕೊಂಡಳು.

ಆಮೇಲೆ ಈರಭದ್ರಪ್ಪನವರ ಸೆಟ್ ಕೂಗುತ್ತದಂತೆ ಎಂದು ಊರೂರಿಗೆ ಹಬ್ಬಿತು. ಸಿಂಗಟಗೆರೆಯ ಮದುವೆಗೆ ಅವರನ್ನು ಗೊತ್ತುಮಾಡಿದ್ದವರು ಕಡೂರಿನ ಸೆಟ್ ತರಿಸಿಕೊಂಡರು. ರಾಮಸ್ವಾಮಿಯಿಂದ ಇದು ತಿಳಿದ ಮೇಲೆಯೇ ಲಕ್ಷ್ಮೀಪತಿ ನಿಜ ಹೇಳಲೆಂದು ಈಗ ಬಂದು ಕೂತದ್ದು. ಅವಳು ತಪ್ಪನ್ನು ತನ್ನ ಮೇಲೆಯೇ ಹಾಕಿಕೊಂಡಿದ್ದಾಳೆಂದು ಕೇಳಿ ಆ ಧೈರ್ಯವೂ ಉಳಿಯಲಿಲ್ಲ. ಲೋಟ ಕೆಳಗಿಟ್ಟು, ಬರ್ತೀನಿ ಎಂದಷ್ಟೇ ಹೇಳಿ ಎದ್ದ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ಕೆಲವು ದಿನಗಳಾದ ಮೇಲೆ ಶಿವನಿಯಲ್ಲಿ ಈರಭದ್ರಪ್ಪನವರ ನೆಂಟರದೊಂದು ಮದುವೆ. ನೆಂಟರಾದ್ದರಿಂದ ಸೆಟ್ ಬೇಡ ಎನ್ನಲಾಗಲಿಲ್ಲ. ಲಕ್ಷ್ಮೀಪತಿ ಕರೆಯದೆಯೇ ಹೋದ. ಊಟದ ಪಂಕ್ತಿ ಕೂತಿತ್ತು. ಚಪ್ಪರದ ಮೂಲೆಯಲ್ಲಿ ಆಂಪ್ಲಿಫೈಯರ್ ಮುಂದೆ ಮಲ್ಲಿಕಾಂಬ, ಪಕ್ಕದಲ್ಲಿ ಅವಳಪ್ಪ. ಅವನು ಮೈಕ್ ಕೇಳಿದ. ಅವಳು ಕೇಳಿಸದವಳಂತೆ ಕೂತಳು. ಹಾಡುತ್ತಾರೇನೋ ಕೊಡಮ್ಮ ಎಂದು ಅಪ್ಪ ಹೇಳಿದ ಮೇಲೆ ಕೊಟ್ಟಳು.

"ಅಜ್ಜಂಪುರದ ಪೆಂಡಾಲಲ್ಲಿ ಹಾರ್ನ್ ಕೂಗಿದ್ದು ಸೆಟ್ಟಿನ ತಪ್ಪಲ್ಲ," ಎಂದ ಲಕ್ಷ್ಮೀಪತಿ. ಅವನ ದನಿ ಊರಾಚೆಗೂ ಕೇಳುತ್ತಿತ್ತು. "ಕೂಗಿಸಿ ಅಂತ ಕೇಳ್ಕೊಂಡೋನು ನಾನು. ಮಲ್ಲಿಕಾಂಬ ಅವರ ಕೈ ತಪ್ಪಿರ್ಲಿಲ್ಲ. ಜನ ನಕ್ಕಾಗ ಹೆದರಿ ಅವರ ಮೇಲೆ ಹಾಕ್ಬಿಟ್ಟೆ."

ಉಣ್ಣುವ ಕೈಗಳು ನಿಂತವು. ಯಾರೋ ಕಿಸಕ್ಕೆಂದರು. ಅವನ ಕಿವಿ ಕಾದುಹೋಯಿತು, ಮೈಕನ್ನು ಎಲ್ಲಿಡಬೇಕೆಂದೂ ತೋಚಲಿಲ್ಲ. ಈರಭದ್ರಪ್ಪ ನೋಡಿದ್ದು ಅವನನ್ನಲ್ಲ, ಮಗಳನ್ನು.

"ಮತ್ತೆ 'ನನ್ ಕೈ ತಪ್ತು' ಅಂದ್ಯಲ್ಲಮ್ಮ?"

ಮಲ್ಲಿಕಾಂಬ ಸೆರಗಿನ ಅಂಚು ತಿರುಚುತ್ತ ಕೂತಳು. ಉತ್ತರ ಅದರಲ್ಲೇ ಸಿಕ್ಕಿತೇನೋ, ಈರಭದ್ರಪ್ಪ ಮಂಡಿ ಹಿಡಿದು ಎದ್ದು, ಪಾಯಸ ಆಯ್ತೋ ಇಲ್ಲವೋ ನೋಡಿ ಬರುತ್ತೇನೆಂದು ಹೊರಟುಹೋದರು.

ಅವಳು ಆಂಪ್ಲಿಫೈಯರ್ ಆರಿಸಿದಳು. "ಊರಿಗೆ ಹೇಳಿದ್ದಾಯ್ತು. ಅವತ್ತು ನಾನು ನಿಮ್ಮನ್ನೇ ನೋಡ್ತಿದ್ದೆ. ನೀವ್ಯಾಕೆ ಮುಖ ತಿರುಗಿಸಿದ್ರಿ?"

"ನಾಚಿಕೆ ಆಯ್ತು."

"ಹಾಡಿನ ಬಗ್ಗೆನಾ, ನನ್ ಬಗ್ಗೆನಾ?"

ಅವನು ಮೈಕನ್ನು ಆಂಪ್ಲಿಫೈಯರ್ ಮೇಲಿಟ್ಟ. "ನೀವಂದ್ರೆ ನಂಗೆ ಪ್ರಾಣ. ಅದು ಊರಿಗೆಲ್ಲ ಕಂಡ್ಬಿಡ್ತು ಅನ್ನಿಸ್ತು."

"ಕಂಡ್ರೆ ಏನು?" ಎಂದಳು ಅವಳು. "ಈಗ ನೋಡಿ."

ಪಂಕ್ತಿಗೆ ಪಂಕ್ತಿಯೇ ಇತ್ತ ತಿರುಗಿ ಕೂತಿತ್ತು. ನಾಚಿಕೆ ಹೋಗಿರಲಿಲ್ಲ, ಕುತ್ತಿಗೆಯ ತನಕ ಏರಿತ್ತು. ಆದರೂ ಲಕ್ಷ್ಮೀಪತಿ ತಲೆ ಎತ್ತಿ ಮಲ್ಲಿಕಾಂಬಳನ್ನು ನೋಡಿದ, ಅವಳೇ ಸಾಕೆನ್ನುವ ತನಕ ನೋಡುತ್ತಲೇ ಇದ್ದ.