ಪೂಜೆ ಗುಳಿಗೆ

"ಜೆಲ್ ಮೂರು ಸಲ ಒಯ್ದ್ರಿ ಟೀಚರ್. ಡಾಕ್ಟರ್ ಜೋಡಿಗೆ ಬರೆದ ಗುಳಿಗಿ ಒಮ್ಮ್ಯೂ ಒಯ್ಲಿಲ್ಲ," ಎಂದ ಪ್ರಭುಲಿಂಗ, ಬ್ರೂಸ್‌ಪೇಟೆಯ ತನ್ನ ಮೆಡಿಕಲ್ ಶಾಪಿನ ಗಾಜಿನ ಮೇಲೆ ಮೊಣಕೈ ಊರಿ.

ಸುಮಂಗಲಾ ನಕ್ಕಳು. ಕುರುಗೋಡಿನಿಂದ ಬಸ್ಸು ಹತ್ತಿ ಬರುವುದು ಮುಟ್ಟು ನಿಂತ ಮೇಲೆ ಮೈಗೇಳುವ ಬೆಂಕಿ ತಣಿಸುವ ಹಾರ್ಮೋನ್ ಜೆಲ್‌ಗೋ, ಈ ಮನುಷ್ಯ ತೆಗೆಯುವ ದನಿಗಳಿಗೋ, ಮದುವೆಯಾಗದೆ ಐವತ್ತೆರಡು ದಾಟಿದ ಅವಳಿಗೂ ಗೊತ್ತಿರಲಿಲ್ಲ. ಕಂಡಕ್ಟರನ ಸೀಟಿ, ಹೆಡ್‌ಮಾಸ್ತರರ ಕೆಮ್ಮು, ಅವಳದೇ ಗದರಿಕೆ, ಎಲ್ಲ ಅವನ ಗಂಟಲಲ್ಲಿದ್ದವು.

"ಆ ಗುಳಿಗಿ ಗೊತ್ತೈತಿ ಬಿಡ್ರಿ. ಪೂಜಿ ಬಂದಾಗ ಮುಟ್ಟು ಮುಂದಕ್ಕ ಹಾಕಾಕ ಹೆಣ್ಮಕ್ಕಳು ನುಂಗೋದು. ನನಗ ನಿಂತು ಎರಡು ವರ್ಷ ಆತು. ಇನ್ನೇನು ಮುಂದಕ್ಕ ಹಾಕ್ಲಿ, ಸಾವೇನು?"

ಅವನು ನಗಲಿಲ್ಲ. "ರಕ್ತದ ಕಲಿ ಏನಾರ ಕಂಡಿತೇನ್ರಿ?"

ಮೊನ್ನೆ ಕಂಡಿತ್ತು. ಅಂದಿನಿಂದ ಕಣ್ಣು ಮುಚ್ಚಿದರೆ ಸಿರುಗುಪ್ಪದ ಮನೆಯ ಬಚ್ಚಲಲ್ಲಿ, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಹೋದ ಅವಳ ಅಕ್ಕ ನಾಗಮ್ಮ ಬೆನ್ನು ಹಾಕಿ ಕೂತು ಕಲೆಯಾದ ಸೀರೆ ಹಿಂಡುತ್ತಲೇ ಇದ್ದಳು.

"ನಿಮ್ಮಕ್ಕಾರೂ ಇಲ್ಲೇ ನಿಂತಿದ್ರು," ಎಂದ. "ಪೂಜಿ ಐತಿ, ಗುಳಿಗಿ ಕೊಡ್ರಿ ಅಂದ್ರು. ಕೊಟ್ಟೆ. ಆ ವಯಸ್ಸಿಗೆ ಮುಟ್ಟೆಲ್ಲಿಂದ ಬಂತಂತ ಕೇಳಲಿಲ್ಲ. ಉಳಿದವ್ರ ದನಿ ನಾ ತೆಗಿತೀನಿ ಟೀಚರ್, ಅವ್ರದು ತಾನಾಗೇ ಬರತೈತಿ. ನಡೀರಿ, ಈಗಿಂದೀಗ ಡಾಕ್ಟರ್ ಹತ್ರ ಹೋಗೂಣು."

"ನಾ ಒಬ್ಬಾಕಿನ ಹೋಗ್ತೀನಿ." ಅವಳು ತಿರುಗಿ ನೋಡಲಿಲ್ಲ.

ಹತ್ತು ದಿನ ಅವನ ಫೋನ್ ಎತ್ತಲೂ ಇಲ್ಲ. ಹನ್ನೊಂದನೆಯ ದಿನ ಡಾಕ್ಟರ್ ಶಮಾ ರಿಪೋರ್ಟ್ ಮುಂದಿಟ್ಟರು.

"ಕ್ಯಾನ್ಸರ್ ಇಲ್ಲ. ಜೆಲ್ ಒಂದ ಹಚ್ಚಿದ್ರ ಗರ್ಭಕೋಶದ ಒಳಪದರ ದಪ್ಪ ಆಗತೈತಿ. ಅದನ್ನ ಹದ್ದಿನಾಗ ಇಡಾಕ ಗುಳಿಗಿ ಬೇಕ ಬೇಕು. ಮೊದ್ಲ ಬರೆದಿದ್ದ ಗುಳಿಗಿನ ನಡದೀತು, ಆದರ ಕೆಲವ್ರಿಗೆ ಮನಸ್ಸು ಕುಗ್ಗತೈತಿ. ಕಾಪರ್-ಟಿ ಹಂಗ ಒಳಗಿಡೋ ಹಾರ್ಮೋನ್ ಸಾಧನ ಐತಿ. ಇಲ್ಲಾ, ಮಲಗುವಾಗ ನುಂಗೋ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ನಿದ್ದಿ ಬರತೈತಿ."

"ನಿದ್ದಿ ಬರೋದ ಕೊಡ್ರಿ."

ಸಂಜೆ ಅವಳು ರಿಪೋರ್ಟನ್ನೂ ಚೀಟಿಯನ್ನೂ ಗಾಜಿನ ಮೇಲಿಟ್ಟಳು. ಪ್ರಭುಲಿಂಗ ಓದಿದ, ಉಸಿರು ಬಿಟ್ಟ.

"ಬಚ್ಚಲದಾಗ ಅಕ್ಕನ ಸೀರಿ ನಾನೂ ನೋಡಿದ್ದೆ," ಎಂದಳು. "ನಾನೂ ಕೇಳಲಿಲ್ಲ. ಆ ಭಾರ ನೀವೊಬ್ರ ಹೊರಬ್ಯಾಡ್ರಿ."

ಅವನು ಕ್ಯಾಪ್ಸೂಲಿನ ಡಬ್ಬಿ ತೆಗೆದು ಅವಳ ಮುಂದಿಟ್ಟ.

"ಇದನ್ನ ದಿನಾ ತಪ್ಪಿಸಬಾರದಂತ. ನಾ ಮರೀತೀನಿ. ನೆನಪು ಮಾಡಾಕ ಮನ್ಯಾಗ ಒಂದು ದನಿ ಬೇಕು."

"ಯಾರ ದನಿ ತೆಗೀಲ್ರಿ?"

"ನಿಮ್ಮದು. ಅದನ್ನ ನಾ ಇನ್ನೂ ಕೇಳೇ ಇಲ್ಲ."

ಬೇರೆ ಯಾರದೂ ಅಲ್ಲದ ಒಡಕು ದನಿಯಲ್ಲಿ ಅವನು, "ಸುಮಂಗಲಾ," ಎಂದ.

ಅವಳು ಕಣ್ಣು ಮುಚ್ಚಿದಳು. ಸಿರುಗುಪ್ಪದ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಅಕ್ಕ ಸೀರೆ ಕೆಳಗಿಟ್ಟು, ಮೊದಲ ಸಲ ತಿರುಗಿ ನೋಡಿದಳು.