ತುಳಸಿ ಕುಂಡ ಕೆಳಗೆ ಬಂದದ್ದು

೨೦೦೬ರ ಜನವರಿ ೨೩, ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಅಮೆರಿಕದ ಡಲ್ಲಾಸ್ ಪಕ್ಕದ ಕಾಪೆಲ್ ಊರಿನ ಪೊಲೀಸ್ ಠಾಣೆಗೆ ಒಂದು ಫೋನು ಬಂತು. ಹೆಣ್ಣು ದನಿ. ಬದರಿನಾಥ ಎಂಬವರ ಮನೆಯ ಮಹಡಿಯಲ್ಲಿ ಗಾಂಜಾ ಗಿಡಗಳಿವೆ, ಮನೆಯವರು ನಿನ್ನೆ ಇಂಡಿಯಾದಿಂದ ವಾಪಸಾಗಿದ್ದಾರೆ, ಕಿತ್ತು ಬಿಸಾಡುವ ಮೊದಲು ಹೋಗಿ ಎಂದಿತು. ಹೆಸರು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ದೂರು ಡಿಟೆಕ್ಟಿವ್ ದಾಕ್ಷಾಯಣಿ ಹಿರೇಮಠಳ ಮೇಜಿಗೆ ಬಂತು. ಹುಬ್ಬಳ್ಳಿಯಲ್ಲಿ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ಅಪ್ಪನ ಹಿಂದೆ ಹ್ಯೂಸ್ಟನ್ನಿಗೆ ಬಂದು ಬೆಳೆದವಳು. ಕನ್ನಡದವರ ಹೆಸರು ಕಿವಿಗೆ ಬಿದ್ದರೆ ಸಾಕು, ಠಾಣೆಯಲ್ಲಿ ಎಲ್ಲರ ಬೆರಳೂ ಅವಳ ಕಡೆಗೇ. "ನಮ್ಮ ಮಂದೀದೆಲ್ಲಾ ನನ್ನ ಕೊರಳಿಗೇ ಕಟ್ರಿ" ಎಂದು ಗೊಣಗುತ್ತ, ಜೊತೆಗಾರ ಆಫೀಸರ್ ರಮಿರೆಜ್‌ನನ್ನು ಕರೆದುಕೊಂಡು ಹೊರಟಳು.

ಬದರಿನಾಥರೆಂದರೆ ಸಾಮಾನ್ಯರೇ! ಡಲ್ಲಾಸಿನ ಯುಗಾದಿಗೂ ಗಣೇಶನ ಹಬ್ಬಕ್ಕೂ ಮೈಕು ಅವರ ಕೈಯಲ್ಲೇ ಇರಬೇಕು. ಮಕ್ಕಳನ್ನು ಹದ್ದುಬಸ್ತಿನಲ್ಲಿಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ಮನೆ ಶೋಧಿಸಲು ವಾರಂಟ್ ಇಲ್ಲ, ನಿಮ್ಮ ಒಪ್ಪಿಗೆ ಬೇಕು ಎಂದು ದಾಕ್ಷಾಯಣಿ ಬಾಗಿಲಲ್ಲಿ ಕೇಳಿದಾಗ ನಕ್ಕುಬಿಟ್ಟರು.

"ಗಾಂಜಾನಾ? ನಮ್ಮನೇಲಾ? ಬನ್ನಿ, ಒಂದೊಂದು ರೂಮೂ ನೋಡ್ಕೊಳ್ಳಿ. ಕಾನೂನಿಗೆ ತಲೆ ಬಾಗೋ ಮನೆ ಇದು."

ಮಹಡಿಯ ಮೂಲೆಯಲ್ಲಿ ದೊಡ್ಡ ಕಿಟಕಿಯ ಒಂದು ಕೋಣೆ. ಡಲ್ಲಾಸಿನ ಚಳಿಗೆ ಕರಿಬೇವು ಹೊರಗೆ ಬದುಕುವುದಿಲ್ಲವಾದ್ದರಿಂದ, ನವೆಂಬರ್ ಬಂತೆಂದರೆ ಇಲ್ಲಿಯ ಕನ್ನಡಿಗರೆಲ್ಲ ಕುಂಡಗಳನ್ನು ಒಳಗಿಟ್ಟು ಟ್ಯೂಬ್‌ಲೈಟು ಹಾಕುತ್ತಾರೆ. ಇಲ್ಲಿಯೂ ಹಾಗೇ ಇತ್ತು. ಎರಡು ಕರಿಬೇವಿನ ನಡುವೆ, ಎದೆಮಟ್ಟ ಬೆಳೆದ ಒಂಬತ್ತು ಗಾಂಜಾ ಗಿಡಗಳು ಕಡುಹಸಿರಾಗಿ ನಿಂತಿದ್ದವು.

ಬದರಿನಾಥರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ನಿನ್ನೆ ಸಂಜೆ ಬಂದವರು ದಣಿದು ಕೆಳಗಿನ ಕೋಣೆಯಲ್ಲೇ ಮಲಗಿದ್ದರು, ಮಹಡಿ ಹತ್ತಿರಲಿಲ್ಲ. ಹಾಗಂತ ಅವರೇನೋ ಹೇಳಿದರು. ಇಂಥದ್ದನ್ನು ಹೇಳದವರು ಯಾರಿದ್ದಾರೆ?

ಊರಲ್ಲಾದರೆ ಎಫ್‌ಐಆರ್, ಪಂಚರು, ಪಂಚನಾಮೆ. ಇಲ್ಲಿ ರಮಿರೆಜ್ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿದ್ದೇ ಪಂಚನಾಮೆ. ಕುಂಡಗಳ ಮೇಲೆ ಒಂದು ಬೆರಳಚ್ಚೂ ಸಿಗಲಿಲ್ಲ. ಹನ್ನೊಂದೂವರೆಗೆ ಬದರಿನಾಥರ ಕೈಗೆ ಬೇಡಿ ಬಿತ್ತು. ಬಾಗಿಲಲ್ಲಿ ಹೆಂಡತಿ ನಾಗಮಣಿ ಅಳುತ್ತ ನಿಂತಿದ್ದರು. "ಮೇಡಂ, ನಮ್ದು ಇನ್ನೂ ಗ್ರೀನ್ ಕಾರ್ಡು. ಸಿಟಿಜನ್‌ಶಿಪ್ ಇಂಟರ್‌ವ್ಯೂ ಮುಂದಿನ ತಿಂಗಳು. ಈ ಕೇಸಾದ್ರೆ ನಮ್ಮನ್ನ ದೇಶದಿಂದಲೇ ಓಡಿಸ್ತಾರೆ."

ಅದು ಸುಳ್ಳಲ್ಲ. ಗಾಂಜಾ ಬೆಳೆದ ಕೇಸು ಸಾಬೀತಾದರೆ ಗ್ರೀನ್ ಕಾರ್ಡಿನವನನ್ನು ವಿಮಾನ ಹತ್ತಿಸಿ ಕಳಿಸುತ್ತಾರೆ, ಮತ್ತೆ ಕಾಲಿಡಲು ಬಿಡುವುದಿಲ್ಲ.

"ಅಳಬ್ಯಾಡ್ರಿ. ನೀವು ಊರಿಗೆ ಹೋದಾಗ ಮನಿ ಕೀಲಿಕೈ ಯಾರ ಹತ್ರ ಇತ್ತು?"

"ಉಲ್ಲಾಸ್ ಅಂತ, ಇವರ ಆಫೀಸಿನ ಹುಡುಗ. ನಾವಿಲ್ಲದ ಒಂದು ತಿಂಗಳು ಗಿಡಕ್ಕೆ ನೀರು ಹಾಕು ಅಂತ ಕೊಟ್ಟಿದ್ವಿ." ನಾಗಮಣಿ ಮೂಗು ಒರೆಸಿಕೊಂಡರು. "ಹುಡುಗ ಪರವಾಗಿಲ್ಲ. ನಮ್ಮ ತುಳಸೀನ ಕೂಡ ಕೆಳಗಡೆ ತಂದು ಪೂರ್ವದ ಕಿಟಕೀಲಿ ಇಟ್ಟಿದ್ದಾನೆ. ಕುಂಕುಮ ಬೇರೆ ಹಚ್ಚಿದ್ದಾನೆ."

ದಾಕ್ಷಾಯಣಿ ಗಕ್ಕನೆ ನಿಂತಳು. "ತುಳಸಿ ಮೊದಲು ಎಲ್ಲಿತ್ರಿ?"

"ಮೇಲೇನೇ, ಕರಿಬೇವಿನ ಪಕ್ಕದಲ್ಲಿ."

ಅಡುಗೆಮನೆಯ ಕಿಟಕಿಯಲ್ಲಿ ತುಳಸಿ ನಳನಳಿಸುತ್ತಿತ್ತು. ಕುಂಡಕ್ಕೆ ಕುಂಕುಮ, ಬುಡದಲ್ಲಿ ಬಾಡಿದ ಹೂವು. ದಾಕ್ಷಾಯಣಿಗೆ ಹ್ಯೂಸ್ಟನ್ನಿನಲ್ಲಿರುವ ಅವ್ವ ಕಣ್ಣ ಮುಂದೆ ಬಂದಳು. ಮೈಲಿಗೆ ಅಂದರೆ ಮಾರು ದೂರ ಹಾರುವ ಹೆಂಗಸು. ಹಾಳು ಗಿಡದ ಪಕ್ಕ ತುಳಸಿ ಇಡು ಅಂದರೆ ಅವಳು ಪ್ರಾಣ ಹೋದರೂ ಇಡಳು. ಈ ಗಾಂಜಾ ತಂದಿಟ್ಟ ಕೈಯೂ ಹಾಗೇ ಮಾಡಿದೆ! ಯಾರದೋ ಮನೆ ಹಾಳುಮಾಡಲು ಬಂದ ಕೈ, ತುಳಸಿಯನ್ನು ಮಾತ್ರ ಎತ್ತಿಕೊಂಡು ಹೋಗಿ ಕುಂಕುಮ ಹಚ್ಚಿದೆ. ಇದು ಗಂಡುಹುಡುಗರ ಬುದ್ಧಿಯಲ್ಲ.

ಅವಳು ಮತ್ತೆ ಮಹಡಿ ಹತ್ತಿ ಮಣ್ಣು ನೋಡಿದಳು. ಕರಿಬೇವಿನ ಕುಂಡದಲ್ಲಿ ಅಂಗಡಿಯ ಚೀಲದ ಮಣ್ಣು, ನಡುವೆ ಬಿಳಿ ಹರಳುಗಳು. ಗಾಂಜಾದ ಕುಂಡದಲ್ಲಿ ಬೇರೆಯೇ ಮಣ್ಣು. ಕಪ್ಪಗೆ, ಮೆತ್ತಗೆ, ಕೈಯಲ್ಲಿ ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವಂಥದ್ದು. ಮೇಲೆ ಮೆಂತ್ಯದ ಪೈರು ತೆಳ್ಳಗೆ ಹಬ್ಬಿದೆ, ಕೆದಕಿದರೆ ಎರೆಹುಳು. ಮೂಗಿಗೆ ಹಿಡಿದಳು. ಹುಳಿ ಮಜ್ಜಿಗೆ, ಬೆಲ್ಲ. ರಮಿರೆಜ್ ಮುಖ ಸಿಂಡರಿಸಿದ.

"ಇದು ಒಂದು ತಿಂಗಳಿಂದು ಅಲ್ಲ," ಎಂದು ಅವಳು ಅವನಿಗೆ ಹೇಳಿದಳು. "ಈ ಮಣ್ಣನ್ನ ಯಾರೋ ವರ್ಷಗಟ್ಟಲೆ ಕೂಸಿನಂಗ ಸಾಕ್ಯಾರ." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು.

ಮಧ್ಯಾಹ್ನ ಎರಡಕ್ಕೆ ಪಕ್ಕದ ಊರು ಫ್ಲವರ್ ಮೌಂಡಿನಲ್ಲಿ ಉಲ್ಲಾಸ್ ಸಿಕ್ಕಿದ. ಪೊಲೀಸರನ್ನು ಕಂಡವನೇ ಕೇಳದಿದ್ದರೂ ಪಾಸ್‌ಪೋರ್ಟು ತಂದು ಮುಂದೆ ಹಿಡಿದ. ಅವನದು ಕೆಲಸದ ವೀಸಾ, ಅದೂ ಇವತ್ತೋ ನಾಳೆಯೋ ಎಂಬಂತಿತ್ತು.

"ಬದರಿನಾಥರ ಮನೀಗೆ ಎಷ್ಟು ಸಲ ಹೋಗಿದ್ದಿ?"

"ಒಂದೇ ಸಲ ಮೇಡಂ."

"ತುಳಸಿ ಕುಂಡ ಮುಟ್ಟಿದ್ಯಾ?"

"ಇಲ್ಲಪ್ಪಾ! ನಾನು ಮುಟ್ಟಿದ ಗಿಡ ಯಾವುದೂ ಬದುಕಲ್ಲ. ಅದಕ್ಕೇ ಕೀನ ವಸಂತಾ ಆಂಟಿಗೆ ಕೊಟ್ಬಿಟ್ಟೆ. ಅವರೇ ಫೋನ್ ಮಾಡಿ ಕೇಳಿದ್ರು. ಇಂಡಿಯಾಗೆ ಹೋಗೋರೆಲ್ಲ ಅವರಿಗೇ ಕೊಡೋದು. ಅಂಕಲ್‌ಗೆ ಹೇಳ್ಬೇಡಿ, ಬೈತಾರೆ."

"ಬಯ್ಯೂದು ಇರಲಿ, ನಿಮ್ಮ ಅಂಕಲ್ ಜೇಲಿನ್ಯಾಗ ಇದ್ದಾನ."

ಠಾಣೆಗೆ ಮರಳಿ ಬದರಿನಾಥರ ಎದುರು ಕೂತಳು. "ವಸಂತಾ ಅನ್ನೋರು ಗೊತ್ತಾ?"

"ಗಿಡದ ಆಂಟಿ? ಪಾಪ, ವಿಧವೆ. ಮೂರು ವರ್ಷದ ಹಿಂದೆ ಈ ಕಡೆ ಬಂದ್ರು. ಊರೋರಿಗೆಲ್ಲ ಕರಿಬೇವಿನ ಸಸಿ ಕೊಡ್ತಾರೆ. ಯಾಕೆ?"

"ನಿಮ್ಮ ಮ್ಯಾಲೆ ಹಗೆ ಇದ್ದೋರು ಯಾರರೆ ಅದಾರ?"

"ನಾನು ಯಾರಿಗೂ ಕೆಟ್ಟದ್ದು ಮಾಡಿದೋನಲ್ಲ." ಎದೆ ಸೆಟೆಸಿ ಮುಂದುವರಿಸಿದರು. "ಆಸ್ಟಿನ್‌ನಲ್ಲಿ ನಮ್ಮ ಬಾಡಿಗೆ ಮನೇಲಿ ಒಬ್ಬ ಸ್ಟೂಡೆಂಟ್ ಇದ್ದ. ತೊಂಬತ್ತೊಂಬತ್ತರಲ್ಲಿ. ರೂಮಿನಲ್ಲಿ ಗಾಂಜಾ ಇಟ್ಕೊಂಡಿದ್ದ. ನಾನೇ ಪೊಲೀಸಿಗೆ ಹಿಡಿದುಕೊಟ್ಟೆ. ಕನ್ನಡದೋನಾದ್ರೇನು? ಒಬ್ಬನಿಗೆ ಬುದ್ಧಿ ಬಂದ್ರೆ ನಾಲ್ಕು ಜನ ನೆಟ್ಟಗಿರ್ತಾರೆ."

"ಆ ಹುಡುಗನ ತಾಯಿ-ತಂದೀಗೆ ಮೊದಲು ಒಂದು ಮಾತು ಹೇಳಿದ್ರೇನು?"

"ಅವರು ಯಾರೋ, ಎಲ್ಲಿಯವರೋ."

"ಹುಡುಗನ ಹೆಸರು?"

ಬದರಿನಾಥರು ಹುಬ್ಬು ಗಂಟಿಕ್ಕಿ ಯೋಚಿಸಿದರು. "ನೆನಪಿಲ್ಲ ಕಣಮ್ಮ. ಎಷ್ಟು ವರ್ಷ ಆಯ್ತು!"

ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ಆದರೇನು, ಹೆಸರು ಮರೆತದ್ದಕ್ಕೆ ಟೆಕ್ಸಾಸಿನಲ್ಲಿ ಸೆಕ್ಷನ್ ಇಲ್ಲ. ಎದ್ದು ಹೊರಗೆ ಬಂದಳು.

ಉಲ್ಲಾಸನ ಹೇಳಿಕೆಯ ಮೇಲೆ, ಈ ಸಲ ವಸಂತಾ ಮನೆ ಶೋಧಿಸಲು ವಾರಂಟ್ ಸಿಕ್ಕಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ವಸಂತಾ ತಾವೇ ಬಾಗಿಲು ತೆರೆದರು. ಅರವತ್ತರ ಆಸುಪಾಸು, ಸೀರೆಯ ಮೇಲೆ ಸ್ವೆಟರ್. ಹಾಲಿನಲ್ಲಿ ಒಬ್ಬ ಹುಡುಗನ ಫೋಟೋ, ಕಿತ್ತಳೆ ಬಣ್ಣದ ಟೀಶರ್ಟು, ಕೊರಳಿಗೆ ಗಂಧದ ಹಾರ.

"ಇವರು ಯಾರು ಆಂಟಿ?"

"ನನ್ನ ಮಗ. ನಿಶ್ಚಲ್. ಆಸ್ಟಿನ್‌ನಲ್ಲಿ ಓದ್ತಿದ್ದ." ಒಳಬಾಗಿಲ ಕಡೆ ತಿರುಗಿದರು. "ಗ್ಯಾರೇಜ್ ಬಾಗಿಲು ತೆಗೀಲಾ? ಅದಕ್ಕೇ ತಾನೇ ಬಂದಿರೋದು."

ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಇರಲಿಲ್ಲ. ಸಾಲಾಗಿ ಡ್ರಮ್ಮುಗಳು, ಅವುಗಳ ತುಂಬ ಅದೇ ಕಪ್ಪು ಮಣ್ಣು, ಅದೇ ಬೆಲ್ಲ-ಮಜ್ಜಿಗೆಯ ವಾಸನೆ, ಮೇಲೆ ಅದೇ ಮೆಂತ್ಯ. ವಸಂತಾ ಬಗ್ಗಿ ಒಂದು ಹಿಡಿ ಎತ್ತಿಕೊಂಡರು.

"ಬೀಜ ನಿಶ್ಚಲನ ಪೆಟ್ಟಿಗೇಲಿ ಸಿಕ್ತು. ಮೊದಲ ಸಲ ಎಲ್ಲ ಸತ್ತುಹೋದ್ವು. ಎರಡನೇ ಸಲಾನೂ ಅಷ್ಟೇ. ಕರಿಬೇವಿಗೆ ಹಾಕೋ ಮಣ್ಣು ಇದಕ್ಕೆ ಒಗ್ಗಲ್ಲ. ಅದೂ ಇದೂ ಬೆರೆಸಿ ನೋಡ್ತಾ ನೋಡ್ತಾ ಮೂರು ವರ್ಷ ಆಯ್ತು. ಆಗಲಿ ಬಿಡು, ನನಗೇನು ಅವಸರ? ಆ ಬದರಿನಾಥ ಎಲ್ಲಿಗೆ ಹೋಗ್ತಾನೆ ಅಂದ್ಕೊಂಡೆ."

"ಬದರಿನಾಥನ ಸಲುವಾಗೇ ಕಾಪೆಲ್ಲಿಗೆ ಬಂದ್ರೇನು?"

"ಮತ್ಯಾಕೆ ಬರಲಿ?" ದನಿ ಮೊದಲ ಸಲ ಏರಿತು. "ನನ್ನ ಮಗ ಈ ದೇಶಕ್ಕೆ ಬಂದಾಗ ಮೂರು ವರ್ಷದ ಕೂಸು. ಅವನ ಅಪ್ಪ ಪಾಸ್‌ಪೋರ್ಟ್ ಬದಲಾಯಿಸಲ್ಲ ಅಂತ ಹಟ ಹಿಡಿದು ಗ್ರೀನ್ ಕಾರ್ಡಲ್ಲೇ ಇದ್ವಿ. ಸ್ನೇಹಿತರಿಗೆ ಹಂಚೋಕೆ ಅಂತ ಇಟ್ಕೊಂಡಿದ್ನಂತೆ, ಮಾರೋಕೆ ಅಂತ ಕೇಸಾಯ್ತು. ಬೆಂಗಳೂರಿಗೆ ಕಳಿಸಿಬಿಟ್ರು. ಕನ್ನಡ ಓದೋಕೆ ಬರಲ್ಲ, ಬಸ್ ಬೋರ್ಡ್ ತಿಳಿಯಲ್ಲ. ವಕೀಲ ಅಪೀಲು ಹಾಕಿದೀನಿ, ನೀವು ಇಲ್ಲೇ ಇರಿ ಅಂದ. ಇದ್ದೆ. ಮೆಜೆಸ್ಟಿಕ್ಕಿನ ಲಾಡ್ಜಲ್ಲಿ ನನ್ನ ಮಗ ನೇಣು ಹಾಕ್ಕೊಂಡ. ಆ ಮನೆಹಾಳ ನನಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತು. ನಾನೇ ಹೋಗಿ ಕಪಾಳಕ್ಕೆ ಬಾರಿಸಿ ಕರಕೊಂಡು ಬರ್ತಿದ್ದೆ."

ರಮಿರೆಜ್ ಬೇಡಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಭಾಷೆ ಅರ್ಥವಾಗದಿದ್ದರೂ ಮುಂದೆ ಬರಲಿಲ್ಲ.

"ಅದೇ ಗಿಡ, ಅದೇ ಕಾನೂನು, ಅದೇ ವಿಮಾನ," ಎಂದರು ವಸಂತಾ. "ಹೆಚ್ಚಿಗೆ ಏನೂ ಕೇಳಲಿಲ್ಲ ನಾನು. ನಿಮ್ಮ ಕೈಗೆ ಸಿಗೋ ಹಾಗೆ ಎಲ್ಲಿ ತಪ್ಪು ಮಾಡಿದೆ?"

"ತುಳಸಿ ಕೆಳಗ ತಂದಿಟ್ರಲ್ಲಾ."

ವಸಂತಾ ಕಣ್ಣು ಮುಚ್ಚಿದರು. "ಅಯ್ಯೋ, ಅದರ ಪಕ್ಕ ಇದನ್ನ ಹೇಗಮ್ಮ ಇಡೋದು?"

ಹತ್ತೂ ನಲವತ್ತಕ್ಕೆ ದಸ್ತಗಿರಿಯಾಯಿತು. ಬಂಧಿತರ ಹಕ್ಕುಗಳನ್ನು ದಾಕ್ಷಾಯಣಿ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲೂ ಹೇಳಿದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟುವ ವಾಡಿಕೆ ಬಿಟ್ಟು, ಬೇಡಿಯನ್ನು ಮುಂದಕ್ಕೇ ಹಾಕಿದಳು. ಕಾರಿನಲ್ಲಿ ಕೂರುವ ಮುಂಚೆ ವಸಂತಾ ಕೇಳಿದರು.

"ಅವನಿಗೆ ನನ್ನ ಮಗನ ಹೆಸರು ನೆನಪಿತ್ತಾ?"

ಸುಳ್ಳು ಹೇಳಬಹುದಿತ್ತು. ದಾಕ್ಷಾಯಣಿಗೆ ಬಾಯಿ ಬರಲಿಲ್ಲ. "ಇಲ್ರಿ ಆಂಟಿ. ಆದರ ಕೋರ್ಟಿನ್ಯಾಗ ಕೇಳತಾರ. ಎಲ್ಲಾರ ಮುಂದ ಅವನ ಬಾಯಿಲೇ ಆ ಹೆಸರು ಹೇಳಬೇಕಾಗತದ."

"ಅಷ್ಟಾದ್ರೂ ಆಗ್ಲಿ." ಕಾರಿನ ಬಾಗಿಲು ಹಿಡಿದುಕೊಂಡು ಕೇಳಿದರು. "ನಂದೂ ಗ್ರೀನ್ ಕಾರ್ಡೇ ಅಲ್ವಾ. ನನ್ನನ್ನೂ ಕಳಿಸ್ತಾರಾ?"

"ಶಿಕ್ಷಾ ಮುಗದ ಮ್ಯಾಲೆ ಕಳಸ್ತಾರ್ರಿ."

"ಬೆಂಗಳೂರಿಗೇನಾ?"

"ಹೌದ್ರಿ."

"ನಿಶ್ಚಲನ ಅಸ್ಥಿ ನನ್ನ ತಮ್ಮನೇ ಶ್ರೀರಂಗಪಟ್ಟಣದಲ್ಲಿ ಬಿಟ್ಟ. ಬದರಿನಾಥನ್ನ ಇಲ್ಲಿಂದ ಓಡಿಸೋವರೆಗೂ ಆ ಹೊಳೆ ನೋಡಲ್ಲ ಅಂತ ಆಣೆ ಹಾಕ್ಕೊಂಡಿದ್ದೆ." ವಸಂತಾ ಕಾರಿನೊಳಗೆ ಕೂತು, ಬೇಡಿ ಬಿದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಉಗುರುಗಳಲ್ಲಿ ಮಣ್ಣು ಹಾಗೇ ಇತ್ತು. "ಮಗನ್ನ ವಿಮಾನ ಹತ್ತಿಸಿದಾಗ ನನ್ನನ್ನೂ ಅವನ ಜೊತೆ ಕಳಿಸಿ ಅಂತ ಬೇಡ್ಕೊಂಡಿದ್ದೆ. ಯಾರೂ ಕೇಳಲಿಲ್ಲ."

ದಾಕ್ಷಾಯಣಿ ಬಾಗಿಲು ಹಾಕಿ, ಮುಂದಿನ ಸೀಟಿನಲ್ಲಿ ಕೂತು, ಠಾಣೆಯ ಕಡೆ ಗಾಡಿ ತಿರುಗಿಸಿದಳು.